ಹಳೆಯ ಮಿದುಳು, ಹೊಸ ನೆನಪು

ದೊಡ್ಡ ಕಂಪನಿಗಳ ಮೇಜಿನ ಮೇಲೆ ನಾಲ್ಕೈದು ವರ್ಷ ದುಡಿದು, ಲೀಸು ಮುಗಿದೊಡನೆ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಬಂದು ಕೂರುವ ಪುಟ್ಟ ಕಂಪ್ಯೂಟರುಗಳಿವೆ. ಲೆನೊವೊದವರು ಅವನ್ನು ಥಿಂಕ್‌ಸೆಂಟರ್ ಟೈನಿ ಎನ್ನುತ್ತಾರೆ, ಡೆಲ್‌ನವರು ಆಪ್ಟಿಪ್ಲೆಕ್ಸ್ ಮೈಕ್ರೋ ಎನ್ನುತ್ತಾರೆ, ಎಚ್‌ಪಿಯವರು ಮಿನಿ ಎನ್ನುತ್ತಾರೆ. ಹೆಸರು ಮೂರಾದರೂ ಅಳತೆ ಹೆಚ್ಚುಕಡಿಮೆ ಒಂದೇ. ಉದ್ದ 18 ಸೆಂಟಿಮೀಟರ್, ಅಗಲವೂ ಅಷ್ಟೇ, ದಪ್ಪ ಮೂರೂವರೆ. ಒಟ್ಟು ಗಾತ್ರ ಒಂದು ಲೀಟರಿಗಿಂತ ತುಸು ಹೆಚ್ಚು. ಕೈಯಲ್ಲಿ ಹಿಡಿದರೆ ತೂಕ ಹಿತವಾಗಿದೆ, ತಗಡು ಗಟ್ಟಿಯಾಗಿದೆ. ಹಿಂಬದಿಯ ಒಂದೇ ಸ್ಕ್ರೂ ತಿರುಗಿಸಿ ಮುಚ್ಚಳವನ್ನು ಮುಂದಕ್ಕೆ ಸರಿಸಿದರೆ ಒಳಗಿನದೆಲ್ಲ ಕಾಣುತ್ತದೆ: ಒಂದು ಫ್ಯಾನು, ಅದರ ಕೆಳಗೆ ತಾಮ್ರದ ಕೊಳವೆ, ಪಕ್ಕದಲ್ಲಿ ಎರಡು ಮೆಮೊರಿ ಕಡ್ಡಿ, ಎರಡೂವರೆ ಇಂಚಿನ ಡಿಸ್ಕು ಕೂರಲು ಒಂದು ಜಾಗ. ಬಿಚ್ಚಬೇಕಾದದ್ದೆಲ್ಲ ಬೆರಳಿಗೆ ಸಿಗುವಂತಿದೆ, ಸಿಗಬಾರದ್ದು ಅಡ್ಡ ಬರುವುದಿಲ್ಲ. ದುರಸ್ತಿ ಮಾಡುವವನ ಕೈಯನ್ನು ಮೊದಲೇ ಊಹಿಸಿ ಯಾರೋ ಇದನ್ನು ರೂಪಿಸಿದ್ದಾರೆ. ಆ ಗೌರವ ಮುಚ್ಚಳ ತೆರೆದ ಕೂಡಲೇ ತಿಳಿಯುತ್ತದೆ.

ಅಥಣಿ ಸೀಮೆಯವರಿಗೆ ಈ ಬಗೆಯ ಚೆಲುವು ಹೊಸದಲ್ಲ. ಇಲ್ಲಿನ ಚಪ್ಪಲಿ ನೋಡಿ. ಜಾಲಿ ತೊಗಟೆ, ಅಳಲೆಕಾಯಿಗಳಲ್ಲಿ ಹದ ಮಾಡಿದ ತೊಗಲು, ತೊಗಲಿನದೇ ದಾರದ ಹೊಲಿಗೆ, ಒಂದು ಮೊಳೆಯೂ ಇಲ್ಲ. 2019ರಲ್ಲಿ ಇದೇ ಬಗೆಯ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಿಕೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಅದರಲ್ಲಿ ಪಾಲು ಪಡೆದವು. ಆ ಚಪ್ಪಲಿಯ ಸೊಗಸು ಇರುವುದು ಅದರಲ್ಲಿ ಬೇಡದ್ದು ಏನೂ ಇಲ್ಲದಿರುವುದರಲ್ಲಿ. ಮನೆಯ ಫೈಲ್ ಸರ್ವರಿಗೆ ಯಂತ್ರ ಆರಿಸುವಾಗಲೂ ನಾನು ಹುಡುಕುವುದು ಅದೇ ಸೊಗಸನ್ನು. ಕಡಿಮೆ ಬೆಲೆಯದು, ನೆಲಕ್ಕೆ ಒಗ್ಗುವುದು, ಬಾಳಿಕೆ ಬರುವುದು.

ಊರು ತೆಲಸಂಗ. ಅಥಣಿ ತಾಲೂಕಿನ ಮೂಡಣ ಭಾಗ, ವಿಜಯಪುರದ ಕಡೆಗೆ ಮುಖ ಮಾಡಿದ ಎರೆಭೂಮಿ. ಬಿಳಿಜೋಳದ ಹೊಲ, ದ್ರಾಕ್ಷಿಯ ಪಡ, ಒಣದ್ರಾಕ್ಷಿ ಮಾಡುವ ಶೆಡ್ಡುಗಳು. ಇಂಥ ಊರಿನ ಒಂದು ಮನೆಗೆ ಫೈಲ್ ಸರ್ವರ್ ಯಾಕೆ ಬೇಕು ಎನ್ನುವವರು ಆ ಮನೆಯ ಟ್ರಂಕು ತೆರೆದು ನೋಡಬೇಕು. ಮದುವೆಯ ವಿಡಿಯೊ ಟೇಪುಗಳಿವೆ. ಡೊಳ್ಳಿನ ಪದದ ಕ್ಯಾಸೆಟ್ಟುಗಳಿವೆ. ಹರದೇಶಿ ನಾಗೇಶಿಯವರ ಸವಾಲು ಜವಾಬಿನ ರಾತ್ರಿಯೊಂದನ್ನು ಯಾರೋ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದಾರೆ. ಕೃಷ್ಣ ಪಾರಿಜಾತದ ಆಟವೊಂದರ ಅರ್ಧ ಭಾಗವಿದೆ. ಕುಲಗೋಡ ತಮ್ಮಣ್ಣ ಬೆಳೆಸಿದ, ಕೌಜಲಗಿ ನಿಂಗಮ್ಮ ಹೆಸರು ಮಾಡಿದ ಆ ಆಟದ ದಾಟಿ ಈ ಭಾಗದ ಕಿವಿಗಳಿಗೆ ಇನ್ನೂ ಹತ್ತಿರ. ಹೊಲದ ಉತಾರಗಳು, ವಾಟ್ನಿ ಪತ್ರಗಳು, ಮಾರ್ಕ್ಸ್‌ಕಾರ್ಡುಗಳು ಬೇರೆ. ಇವೆಲ್ಲದರ ಮೇಲೆ ಮನೆಮಂದಿಯ ಫೋನುಗಳಲ್ಲಿ ತುಂಬಿ ತುಳುಕುವ ಫೋಟೊಗಳು. ಈ ಸಿರಿ ಈಗ ಫೋನಿನಿಂದ ಫೋನಿಗೆ, ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಅಲೆಯುತ್ತಿದೆ. ಅದಕ್ಕೊಂದು ಮನೆ ಬೇಕು.

ಆ ಮನೆ ಎಷ್ಟು ದೊಡ್ಡದಿರಬೇಕು? 60 ನಿಮಿಷದ ಕ್ಯಾಸೆಟ್ಟನ್ನು ಸಿಡಿಯ ಗುಣಮಟ್ಟದಲ್ಲಿ ಇಳಿಸಿಕೊಂಡರೆ 600 ಮೆಗಾಬೈಟ್ ಚಿಲ್ಲರೆ. ಫ್ಲ್ಯಾಕ್ ರೂಪಕ್ಕೆ ತಂದರೆ ದನಿಯ ಒಂದು ಎಳೆಯೂ ಕಳೆಯದೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮಿನಿ ಡಿವಿ ಟೇಪಿನ ಒಂದು ಗಂಟೆಗೆ 13 ಗಿಗಾಬೈಟ್. ಫೋನಿನ ಫೋಟೊ ಒಂದಕ್ಕೆ ಮೂರರಿಂದ ಐದು ಮೆಗಾಬೈಟ್. ಹೀಗೆ ಕೂಡಿಸುತ್ತ ಹೋದರೆ ಒಂದು ತುಂಬು ಕುಟುಂಬದ ಗಳಿಕೆ ಬಹುಪಾಲು ಎರಡು ಟೆರಾಬೈಟ್ ದಾಟುವುದಿಲ್ಲ. ಬೆಳೆಯಲು ಅಷ್ಟೇ ಜಾಗ ಬಿಟ್ಟರೆ ನಾಲ್ಕು ಟೆರಾಬೈಟಿನ ಡಿಸ್ಕು ಸಾಕು. ಈ ಲೆಕ್ಕ ಮೊದಲು ಮಾಡಿಕೊಂಡವರು ಅಂಗಡಿಯವನ ಮಾತಿಗೆ ಮರುಳಾಗುವುದಿಲ್ಲ.

ಫೈಲ್ ಸರ್ವರಿನ ಕೆಲಸವೂ ಸರಳ. ಡಿಸ್ಕಿನಿಂದ ಎತ್ತಿ ತಂತಿಗೆ ಕೊಡುವುದು, ತಂತಿಯಿಂದ ಬಂದದ್ದನ್ನು ಡಿಸ್ಕಿನಲ್ಲಿ ಇಡುವುದು. ಮನೆಯ ಗಿಗಾಬಿಟ್ ತಂತಿ ಸೆಕೆಂಡಿಗೆ ಹೆಚ್ಚೆಂದರೆ 125 ಮೆಗಾಬೈಟ್ ಹೊತ್ತೀತು. ಬಳಕೆಯಲ್ಲಿ 110ರ ಸುತ್ತಮುತ್ತ. ಇಂದಿನ ಸಾಧಾರಣ ಡಿಸ್ಕು ಅದಕ್ಕಿಂತ ವೇಗವಾಗಿ ಓದುತ್ತದೆ. ಇಂಟೆಲ್‌ನ ಆರನೆಯ ಅಥವಾ ಎಂಟನೆಯ ಪೀಳಿಗೆಯ ಪ್ರೊಸೆಸರಿಗೆ ಈ ಕೆಲಸ ಒಂದು ಹೊರೆಯೇ ಅಲ್ಲ, 8 ಗಿಗಾಬೈಟ್ ಮೆಮೊರಿ ಧಾರಾಳವಾಯಿತು. ತಂತಿಯೇ ಮಿತಿಯಾಗಿರುವಾಗ ಹೊಸ ಪ್ರೊಸೆಸರಿಗೆ ಕೊಟ್ಟ ದುಡ್ಡು ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಆದ್ದರಿಂದ ನನ್ನ ಸೂತ್ರ ಇಷ್ಟೇ: ಮಿದುಳು ಹಳೆಯದಿರಲಿ, ನೆನಪು ಹೊಸದಿರಲಿ. ಯಂತ್ರವನ್ನು ಬೆಂಗಳೂರಿನ ಎಸ್‌ಪಿ ರಸ್ತೆಯಿಂದಲೋ ಸಾಂಗಲಿ, ಕೊಲ್ಹಾಪುರ, ಬೆಳಗಾವಿಯ ಅಂಗಡಿಗಳಿಂದಲೋ ಬಳಸಿದ್ದನ್ನೇ ತನ್ನಿ. ಡಿಸ್ಕನ್ನು ಮಾತ್ರ ಹೊಸದನ್ನೇ, ಬಿಲ್ಲು ವಾರಂಟಿ ಸಮೇತ ಕೊಳ್ಳಿ.

ಅಗ್ಗದ ಯಂತ್ರದ ನಿಜವಾದ ಬೆಲೆ ವಿದ್ಯುತ್ತಿನ ಬಿಲ್ಲಿನಲ್ಲಿದೆ. ಹಗಲಿರುಳು ಉರಿಯುವ ಪ್ರತಿ ಒಂದು ವಾಟ್ ವರ್ಷಕ್ಕೆ ಸುಮಾರು 8.76 ಯೂನಿಟ್ ತಿನ್ನುತ್ತದೆ. ಮನೆಯ ಮೂಲೆಯಲ್ಲಿ ಬಿದ್ದ ಹಳೆಯ ದೊಡ್ಡ ಡೆಸ್ಕ್‌ಟಾಪ್ ಪುಕ್ಕಟೆ ಸಿಕ್ಕರೂ 50 ವಾಟ್ ಎಳೆದರೆ ತಿಂಗಳಿಗೆ 36 ಯೂನಿಟ್. ಲೀಟರ್ ಗಾತ್ರದ ಯಂತ್ರ ಸುಮ್ಮನಿರುವಾಗ 10 ವಾಟಿನ ಒಳಗೇ ಇರುತ್ತದೆ. ತಿಂಗಳಿಗೆ 7 ಯೂನಿಟ್ ಚಿಲ್ಲರೆ. ಈ ವ್ಯತ್ಯಾಸಕ್ಕೆ ನಮ್ಮಲ್ಲಿ ಇನ್ನೊಂದು ಅರ್ಥವೂ ಇದೆ. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ಒಂದು ಮನೆಗೆ ಸಿಗುವ ಉಚಿತ ವಿದ್ಯುತ್ತು ಆ ಮನೆಯ ಹಿಂದಿನ ಸರಾಸರಿ ಬಳಕೆ, ಅದರ ಮೇಲೆ ಶೇ 10. ತಿಂಗಳಿಗೆ 48 ಯೂನಿಟ್‌ಗಿಂತ ಕಡಿಮೆ ಬಳಸುವ ಮನೆಗಳಿಗೆ 2024ರ ಆರಂಭದಲ್ಲಿ ಆ ಶೇ 10ರ ಬದಲು 10 ಯೂನಿಟ್ ಕೊಡುವ ತೀರ್ಮಾನವಾಯಿತು. 7 ಯೂನಿಟಿನ ಯಂತ್ರ ಆ ಹತ್ತರೊಳಗೆ ತಣ್ಣಗೆ ಕೂರುತ್ತದೆ. 36 ಯೂನಿಟಿನದು ಹೆಸ್ಕಾಂ ಬಿಲ್ಲಿನಲ್ಲಿ ಎದ್ದು ನಿಲ್ಲುತ್ತದೆ.

ಈ ಪುಟ್ಟ ಯಂತ್ರಕ್ಕೊಂದು ಕೊರತೆಯಿದೆ. ಮೂರೂವರೆ ಇಂಚಿನ ದೊಡ್ಡ ಡಿಸ್ಕು ಅದರ ಹೊಟ್ಟೆಯಲ್ಲಿ ಹಿಡಿಯುವುದಿಲ್ಲ. ಯುಎಸ್‌ಬಿ ತಂತಿಯಲ್ಲಿ ಹೊರಗೆ ತೂಗಬೇಕು. ಸಡಿಲವಾದ ಯುಎಸ್‌ಬಿ ತಂತಿ ಕಸ ಗುಡಿಸುವಾಗ ತಾಗಿದರೂ ಡಿಸ್ಕು ಮಾಯವಾಗುತ್ತದೆ. ಅದಕ್ಕಾಗಿ ನಾನು ಅದೇ ಕಚೇರಿ ಸಾಲಿನ ಎಸ್‌ಎಫ್‌ಎಫ್ ಎಂಬ ತೆಳ್ಳನೆಯ ಡೆಸ್ಕ್‌ಟಾಪನ್ನು ಹೆಚ್ಚು ಮೆಚ್ಚುತ್ತೇನೆ. ಅದರ ಕೆಲವು ಮಾದರಿಗಳಲ್ಲಿ ಎರಡು ದೊಡ್ಡ ಡಿಸ್ಕು ಒಳಗೇ ಕೂರುತ್ತವೆ, ನೇರ ಸಾಟಾ ತಂತಿಯಲ್ಲಿ, ಸರಿಯಾದ ವಿದ್ಯುತ್ತಿನಲ್ಲಿ. ಕೊಳ್ಳುವ ಮೊದಲು ಮುಚ್ಚಳ ತೆಗೆಸಿ ಆ ಎರಡು ಗೂಡುಗಳನ್ನು ಕಣ್ಣಾರೆ ನೋಡಬೇಕು. ವಿದ್ಯುತ್ತು ತುಸು ಹೆಚ್ಚು ಬೇಡುತ್ತದೆ, ಪ್ರತಿಯಾಗಿ ನೆಮ್ಮದಿ ಕೊಡುತ್ತದೆ. 10 ಯೂನಿಟಿನೊಳಗೇ ಇರಬೇಕೆನ್ನುವ ಮನೆಗೆ ಪುಟ್ಟ ಯಂತ್ರ, ಎರಡೂವರೆ ಇಂಚಿನ ಡಿಸ್ಕು ಸಾಕು. 2019ರ ರಾಸ್ಪ್‌ಬೆರಿ ಪೈ 4ರಿಂದ ಈಚಿನ ಪೈಗಳೂ ಆದಾವು, ಅವುಗಳಲ್ಲಿ ಪೂರ್ಣ ಗಿಗಾಬಿಟ್ ಇದೆ. ಆದರೆ ಪೆಟ್ಟಿಗೆ, ಅಡಾಪ್ಟರು, ಡಿಸ್ಕಿನ ಡಾಕು ಎಂದು ಸೇರಿಸುತ್ತ ಹೋದರೆ ಬಳಸಿದ ಡೆಸ್ಕ್‌ಟಾಪಿನ ಬೆಲೆಗೆ ಬಂದು ಮುಟ್ಟುತ್ತದೆ.

ಇನ್ನು ಡಿಸ್ಕು. ಇಲ್ಲಿ ನಿಂತು ನೋಡಬೇಕು, ಯಾಕೆಂದರೆ ಮನುಷ್ಯ ಮಾಡಿದ ನುಣುಪಾದ ವಸ್ತುಗಳಲ್ಲಿ ಇದೂ ಒಂದು. ತಟ್ಟೆಯ ಮೈ ಕನ್ನಡಿಯಂತಿದೆ. ನಿಮಿಷಕ್ಕೆ 5400 ಸುತ್ತಿನ ಡಿಸ್ಕಿನಲ್ಲಿ ಆ ತಟ್ಟೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ವ್ಯಾಸ 95 ಮಿಲಿಮೀಟರ್ ಎಂದು ಹಿಡಿದರೆ ಅದರ ಅಂಚಿನ ವೇಗ ಗಂಟೆಗೆ ಸುಮಾರು 97 ಕಿಲೋಮೀಟರ್. ಅಥಣಿ ವಿಜಯಪುರದ ರಸ್ತೆಯಲ್ಲಿ ಬಸ್ಸು ಕಾಣದ ವೇಗ. ಆ ಓಟದ ಮೇಲೆ ಓದುವ ಹೆಡ್ಡು ತಟ್ಟೆಯನ್ನು ಮುಟ್ಟದೆ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ, ತಟ್ಟೆ ಎಬ್ಬಿಸಿದ ಗಾಳಿಯ ಮೇಲೆಯೇ ತೇಲುತ್ತದೆ. ನಮ್ಮ ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೋಮೀಟರ್. 1956ರಲ್ಲಿ ಐಬಿಎಂ ಹೊರತಂದ ಮೊದಲ ಡಿಸ್ಕು ಯಂತ್ರದಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದವು. ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ, ಇಂದಿನ ಒಂದು ಫೋಟೊದಷ್ಟು. ಇಷ್ಟು ಸಣ್ಣ ಜಾಗದಲ್ಲಿ ಇಷ್ಟೊಂದು ಬರೆದು ಮತ್ತೆ ಓದಲು ದಾರಿ ತೆರೆದ ದೈತ್ಯ ಕಾಂತರೋಧವನ್ನು 1988ರಲ್ಲಿ ಬೇರೆ ಬೇರೆಯಾಗಿ ಕಂಡುಕೊಂಡ ಆಲ್ಬರ್ಟ್ ಫರ್ಟ್ ಮತ್ತು ಪೀಟರ್ ಗ್ರೂನ್‌ಬರ್ಗ್ ಅವರಿಗೆ 2007ರ ಭೌತಶಾಸ್ತ್ರದ ನೊಬೆಲ್ ಸಂದಿತು. ತೆಲಸಂಗದ ಡೊಳ್ಳಿನ ಪದ ಉಳಿಯುವುದು ಆ ವಿಜ್ಞಾನದ ಬಲದ ಮೇಲೆ.

ಇದಕ್ಕಿಂತಲೂ ನನಗೆ ಪ್ರಿಯವಾದ ಒಂದು ಗುಣವಿದೆ. ಕರೆಂಟು ದಿಢೀರನೆ ಹೋದರೆ ತೇಲುತ್ತಿರುವ ಹೆಡ್ಡಿನ ಗತಿ ಏನು? ತಟ್ಟೆ ಇನ್ನೂ ತಿರುಗುತ್ತಿರುತ್ತದಲ್ಲ, ಆ ಉಳಿದ ವೇಗದಿಂದಲೇ ಮೋಟರು ಕ್ಷಣಕಾಲ ಜನರೇಟರ್ ಆಗುತ್ತದೆ. ಆ ಕಡೆಯ ಗುಟುಕು ವಿದ್ಯುತ್ತಿನಲ್ಲಿ ಹೆಡ್ಡು ಅಂಚಿನ ಇಳಿಜಾರನ್ನೇರಿ ಸುರಕ್ಷಿತವಾಗಿ ಕೂತುಬಿಡುತ್ತದೆ. ಲೈಟು ಹೋಗುವುದು ರೂಢಿಯಾಗಿರುವ ಊರಿನವರು ಈ ಏರ್ಪಾಡನ್ನು ಮನಸಾರೆ ಹೊಗಳಬೇಕು.

ಹೊಸ ಡಿಸ್ಕಿನಲ್ಲೂ ಆರಿಸುವುದಿದೆ. ವೇಗದ 7200ಕ್ಕಿಂತ ನಿಧಾನದ 5400 ನಮ್ಮ ಕೆಲಸಕ್ಕೆ ಮೇಲು. ಕಾವು ಕಡಿಮೆ, ಸದ್ದು ಕಡಿಮೆ, ತಂತಿಯ ವೇಗಕ್ಕೆ ಅದೇ ಸಾಕು. ಸಿಎಂಆರ್ ಬಗೆಯದನ್ನೇ ಕೇಳಿ ಪಡೆಯಬೇಕು. ಎಸ್‌ಎಂಆರ್ ಡಿಸ್ಕು ಬರಹದ ಸಾಲುಗಳನ್ನು ಒಂದರ ಮೇಲೊಂದು ಅರ್ಧ ಹೊದಿಸಿ ಜಾಗ ಉಳಿಸುತ್ತದೆ. ಒಂದು ಸಾಲು ತಿದ್ದಬೇಕಾದರೆ ನೆರೆಯ ಸಾಲುಗಳನ್ನೂ ಮತ್ತೆ ಬರೆಯಬೇಕು. ಕೆಟ್ಟ ಡಿಸ್ಕು ತೆಗೆದು ಹೊಸದಕ್ಕೆ ಎಲ್ಲವನ್ನೂ ತುಂಬಿಸುವ ಹೊತ್ತಿನಲ್ಲಿ ಅದು ಬಹಳ ಕಾಯಿಸುತ್ತದೆ. ಕೈಗೆ ಬಂದೊಡನೆ, ಡಿಸ್ಕು ತನ್ನ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ವರದಿ ತೆಗೆದು ದುಡಿದ ಗಂಟೆಗಳ ಲೆಕ್ಕ ನೋಡಬೇಕು, ಹೊಸದಾದರೆ ಅದು ಸೊನ್ನೆಯ ಹತ್ತಿರವಿರುತ್ತದೆ. ಆ ಲೆಕ್ಕವನ್ನೂ ಅಳಿಸಬಲ್ಲವರಿದ್ದಾರೆ. ಡಿಜಿಟಲ್ ನಾಣ್ಯದ ಗಣಿಗಾರಿಕೆಯಲ್ಲಿ ಸವೆದ ಡಿಸ್ಕುಗಳು ಹೊಸದೆಂದು ಮಾರಾಟವಾದದ್ದು 2025ರ ಆರಂಭದಲ್ಲಿ ಯುರೋಪಿನಲ್ಲಿ ಬಯಲಾಯಿತು. ಹಾಗಾಗಿ ತಯಾರಕರ ತಾಣದಲ್ಲಿ ಕ್ರಮಸಂಖ್ಯೆ ಹಾಕಿ ವಾರಂಟಿಯ ದಿನಾಂಕ ನೋಡುವುದು ಒಳ್ಳೆಯದು.

ಡಿಸ್ಕು ಎರಡು ಬೇಕು. 1988ರಲ್ಲಿ ಬರ್ಕ್ಲಿಯ ಡೇವಿಡ್ ಪ್ಯಾಟರ್‌ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಒಂದು ಪ್ರಬಂಧ ಮಂಡಿಸಿದರು. ದೊಡ್ಡ ಯಂತ್ರಗಳ ದುಬಾರಿ ಡಿಸ್ಕು ಒಂದರ ಬದಲು ಮೇಜಿನ ಕಂಪ್ಯೂಟರುಗಳ ಅಗ್ಗದ ಸಣ್ಣ ಡಿಸ್ಕುಗಳನ್ನು ಕೂಡಿಸಿ ದುಡಿಸಬಹುದು, ಒಂದು ಸತ್ತರೆ ಉಳಿದವು ಅದರ ಪಾಲನ್ನು ಕಾಪಾಡುವಂತೆ ಹೆಚ್ಚುವರಿ ಬರಹ ಇಟ್ಟರಾಯಿತು ಎಂಬುದು ಅವರ ವಾದ. ರೇಡ್ ಎಂಬ ಈ ಏರ್ಪಾಡು ಹುಟ್ಟಿದ್ದೇ ಬಡವರ ಡಿಸ್ಕಿನ ಮೇಲಿನ ನಂಬಿಕೆಯಿಂದ. ಮನೆಗೆ ಅದರ ಅತಿ ಸರಳ ರೂಪ, ಎರಡು ಡಿಸ್ಕಿನಲ್ಲೂ ಒಂದೇ ಬರಹ ಇಡುವ ಮಿರರ್, ಚೆನ್ನಾಗಿ ಹೊಂದುತ್ತದೆ. ಆ ಮಿರರನ್ನು ಝಡ್‌ಎಫ್‌ಎಸ್ ಅಥವಾ ಬಿಟಿಆರ್‌ಎಫ್‌ಎಸ್‌ನಿಂದಲೇ ಮಾಡಿದರೆ ಪ್ರತಿ ತುಣುಕಿಗೂ ಒಂದು ತಾಳೆಗುರುತು ಬರೆದಿರುತ್ತದೆ. ಓದುವಾಗ ತಾಳೆ ತಪ್ಪಿದರೆ ಇನ್ನೊಂದು ಡಿಸ್ಕಿನ ಸರಿಯಾದ ಪ್ರತಿಯಿಂದ ತಾನೇ ತಿದ್ದಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಎಲ್ಲ ತುಣುಕುಗಳನ್ನೂ ಓದಿಸಿ ತಾಳೆ ನೋಡಿಸಿದರೆ, ಯಾರೂ ತೆರೆಯದೆ ವರ್ಷಗಟ್ಟಲೆ ಮಲಗಿದ ಫೋಟೊದಲ್ಲಿಯೂ ಒಂದು ಚುಕ್ಕೆ ಕದಲದು.

ಆದರೆ ಮಿರರ್ ಎಂದರೆ ಬ್ಯಾಕಪ್ ಅಲ್ಲ. ತಪ್ಪಿ ಅಳಿಸಿದ್ದು ಎರಡೂ ಕಡೆ ಅಳಿಯುತ್ತದೆ, ಸಿಡಿಲು ಎರಡನ್ನೂ ಒಟ್ಟಿಗೆ ಸುಡುತ್ತದೆ. ಮೂರನೆಯ ಪ್ರತಿಯೊಂದು ಬೇರೆ ಡಿಸ್ಕಿನಲ್ಲಿ, ಬೇರೆ ಊರಿನಲ್ಲಿರಬೇಕು. ಮಿರಜದಲ್ಲೋ ಬೆಳಗಾವಿಯಲ್ಲೋ ಇರುವ ಮಗಳ ಮನೆಗೆ ಹಬ್ಬಕ್ಕೊಮ್ಮೆ ಹೋಗಿ ಬರುವ ಡಿಸ್ಕು ಆ ಕೆಲಸ ಮಾಡುತ್ತದೆ. ದೊಡ್ಡವರಿಗೂ ಈ ಮಾತು ತಪ್ಪಿದ್ದಲ್ಲ. ಭಾರತೀಯ ವಿಜ್ಞಾನ ಸಂಸ್ಥೆ ಜೊತೆಗೂಡಿ ಕಟ್ಟಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಕನ್ನಡದ ಎಷ್ಟೋ ಅಪರೂಪದ ಪುಸ್ತಕಗಳಿದ್ದವು. ಆ ತಾಣ ನಿಂತುಹೋದ ಮೇಲೂ ಅವು ನಮಗೆ ಸಿಗುತ್ತಿರುವುದು ಇಂಟರ್ನೆಟ್ ಆರ್ಕೈವ್‌ನಲ್ಲಿ ಇನ್ನೊಂದು ಪ್ರತಿ ಇದ್ದುದರಿಂದ.

ಅದೇ ಇಂಟರ್ನೆಟ್ ಆರ್ಕೈವ್ ತನ್ನ ಸರ್ವರುಗಳಿಗೆ ಎಸಿ ಹಾಕಿಸಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ತಣ್ಣನೆಯ ಗಾಳಿಯೇ ಅವನ್ನು ತಂಪಿಡುತ್ತದೆ, ಅವುಗಳ ಕಾವು ಕಟ್ಟಡವನ್ನು ಬೆಚ್ಚಗಿಡುತ್ತದೆ. ತೆಲಸಂಗಕ್ಕೆ ಆ ಗಾಳಿಯ ಭಾಗ್ಯವಿಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ಪಾದರಸ 40ರ ಬಳಿ ಆಡುತ್ತದೆ. ಆದರೆ ನಮ್ಮ ಹಿರಿಯರ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ದಪ್ಪ ಗೋಡೆಯ ಒಳಕೋಣೆಯೊಂದಿರುತ್ತದೆ, ಮಟಮಟ ಮಧ್ಯಾಹ್ನದಲ್ಲೂ ಜಳ ಒಳಗೆ ಬರುವುದಿಲ್ಲ. ಸರ್ವರಿಗೆ ಅದೇ ಜಾಗ. ಮುಚ್ಚಿದ ಕಪಾಟಿನಲ್ಲಿ ಇಡಬೇಡಿ, ತಗಡಿನ ಶೆಡ್ಡಿನಲ್ಲಂತೂ ಬೇಡವೇ ಬೇಡ. ಡಿಸ್ಕಿನ ಕಾವು 45ರ ಒಳಗಿದ್ದರೆ ನೆಮ್ಮದಿ, 60 ಮುಟ್ಟಿದರೆ ಅದು ಹಲವು ಡಿಸ್ಕುಗಳಿಗೆ ತಯಾರಕರು ಹಾಕಿದ ಮೇರೆ. ಎರೆಮಣ್ಣಿನ ಧೂಳು ಬಲು ನುಣ್ಣಗಿನದು. ಡಿಸ್ಕು ಉಸಿರಾಡುವ ರಂಧ್ರಕ್ಕೆ ಶೋಧಕವಿರುವುದರಿಂದ ಒಳಗೆ ಹೋಗದು, ಆದರೆ ಫ್ಯಾನಿನ ರೆಕ್ಕೆ, ತಾಮ್ರದ ಅಲಗುಗಳ ಮೇಲೆ ಕಂಬಳಿಯಂತೆ ಕೂತು ಕಾವು ಹೊರಹೋಗದಂತೆ ತಡೆಯುತ್ತದೆ. ಸುಗ್ಗಿ ಮುಗಿದ ಮೇಲೊಮ್ಮೆ, ಮಳೆಗಾಲಕ್ಕೆ ಮೊದಲೊಮ್ಮೆ ಮುಚ್ಚಳ ತೆಗೆದು ಮೆತ್ತನೆಯ ಕುಂಚದಿಂದ ತೆಗೆಯಬೇಕು. ಒಂದೇ ಸ್ಕ್ರೂವಿನ ಬೆಲೆ ಆಗ ತಿಳಿಯುತ್ತದೆ.

ಡಿಸ್ಕಿನ ನಂತರ ಕೈ ಬಿಗಿ ಹಿಡಿಯಬಾರದ ಇನ್ನೊಂದು ಖರ್ಚು ಯುಪಿಎಸ್. ಮನೆಯ ಸಾಮಾನ್ಯ ಯುಪಿಎಸ್ ಇಷ್ಟು ಕಡಿಮೆ ಹೊರೆಗೆ ಸಾಕಷ್ಟು ಹೊತ್ತು ನಿಲ್ಲುತ್ತದೆ. ಯುಎಸ್‌ಬಿ ತಂತಿಯಿಂದ ಸರ್ವರಿಗೆ ಸುದ್ದಿ ಮುಟ್ಟಿಸುವಂಥದ್ದಾದರೆ, ಬ್ಯಾಟರಿ ಬತ್ತುವ ಮೊದಲೇ ಸರ್ವರ್ ಫೈಲುಗಳನ್ನು ಮುಚ್ಚಿ ಕ್ರಮವಾಗಿ ಮಲಗುತ್ತದೆ. ಕಚೇರಿ ಯಂತ್ರಗಳ ಬಯೋಸ್‌ನಲ್ಲಿ ವಿದ್ಯುತ್ತು ಮರಳಿದಾಗ ತಾನಾಗಿ ಏಳುವ ಆಯ್ಕೆ ಇರುತ್ತದೆ. ಅದನ್ನು ಹಾಕಿಟ್ಟರೆ ಮನೆಯವರು ಹೊಲದಲ್ಲಿದ್ದರೂ ಸರ್ವರ್ ಎದ್ದು ಕೂತಿರುತ್ತದೆ. ಅರ್ಥಿಂಗ್ ಸರಿಯಾಗಿದೆಯೇ ಎಂದು ಊರಿನ ಬಲ್ಲ ಎಲೆಕ್ಟ್ರಿಷಿಯನ್ನರಿಂದ ನೋಡಿಸಬೇಕು. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ಸಂಜೆಗಳಲ್ಲಿ ಪ್ಲಗ್ಗನ್ನೂ ನೆಟ್‌ವರ್ಕ್ ತಂತಿಯನ್ನೂ ಕಿತ್ತಿಡುವುದೇ ಜಾಣತನ.

ತಂತ್ರಾಂಶಕ್ಕೆ ಒಂದು ಪೈಸೆಯೂ ಬೇಡ. ಡೆಬಿಯನ್ ಲಿನಕ್ಸ್, ಅದರ ಮೇಲೆ ಓಪನ್‌ಮೀಡಿಯಾವಾಲ್ಟ್. ಫೋನು, ಲ್ಯಾಪ್‌ಟಾಪು, ಟಿವಿಗಳಿಗೆಲ್ಲ ಫೈಲು ಹಂಚುವ ಸಾಂಬಾ, 1990ರ ದಶಕದ ಮೊದಲಲ್ಲಿ ಆಸ್ಟ್ರೇಲಿಯಾದ ಆ್ಯಂಡ್ರ್ಯೂ ಟ್ರಿಜೆಲ್ ಬರೆಯತೊಡಗಿ ಎಲ್ಲರಿಗೂ ಬಿಟ್ಟುಕೊಟ್ಟದ್ದು. ಇಲ್ಲಿ ಕನ್ನಡಿಗರಿಗೆ ಒಂದು ಸುಖವಿದೆ. ಫೈಲಿಗೆ ಕನ್ನಡದಲ್ಲೇ ಹೆಸರಿಡಬಹುದು. ಲಿನಕ್ಸ್ ಒಂದು ಹೆಸರಿಗೆ 255 ಬೈಟ್ ಕೊಡುತ್ತದೆ. ಯುನಿಕೋಡ್ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. "ಕೃಷ್ಣ ಪಾರಿಜಾತ" ಎಂಬ ಹೆಸರಿಗೆ ನಡುವಿನ ಖಾಲಿ ಜಾಗವೂ ಸೇರಿ 37. ಆಟದ ಹೆಸರು, ಊರು, ಜಾತ್ರೆ, ಹಾಡಿದವರು ಎಲ್ಲ ಬರೆದರೂ ಜಾಗ ಉಳಿಯುತ್ತದೆ. ಅಜ್ಜಿ ಕೇಳಿದರೆ ಮೊಮ್ಮಗಳು ಕನ್ನಡದಲ್ಲೇ ಹುಡುಕಿ ಹಚ್ಚಿಕೊಡಬಲ್ಲಳು.

ಕೈಯಲ್ಲಿರುವ ಹಣವನ್ನು ಮೂರು ಪಾಲು ಮಾಡಿ ಎಂಬುದು ನನ್ನ ಸಲಹೆ. ಒಂದು ಪಾಲಿನಲ್ಲಿ ಬಳಸಿದ ಯಂತ್ರ, ಯುಪಿಎಸ್ಸು ಎರಡೂ ಬರಲಿ. ಎರಡು ಪಾಲು ಡಿಸ್ಕುಗಳಿಗೆ ಹೋಗಲಿ. ಹಣ ಸಾಲದಿದ್ದರೆ ಯಂತ್ರ ಇನ್ನೂ ಹಳೆಯದಾಗಲಿ, ಡಿಸ್ಕು ಒಂದಕ್ಕೆ ಇಳಿಯದಿರಲಿ. ಮುಂದೊಂದು ದಿನ ಯಂತ್ರ ಕೆಟ್ಟರೆ ಎರಡೂ ಡಿಸ್ಕು ಕಳಚಿ ಮತ್ತೊಂದು ಹಳೆಯ ಡೆಸ್ಕ್‌ಟಾಪಿಗೆ ಜೋಡಿಸಿ. ಲಿನಕ್ಸ್ ಅವನ್ನು ಗುರುತಿಸಿ ಎಲ್ಲವನ್ನೂ ಮರಳಿ ಕೊಡುತ್ತದೆ. ಯಾವ ಕಂಪನಿಯ ವಿಶೇಷ ಪೆಟ್ಟಿಗೆಯೂ ನಮ್ಮ ಹಾಡಿಗೆ ಒಡೆಯನಲ್ಲ. ಎಲ್ಲಿ ಬೇಕಾದರೂ ಸಿಗುವ ಭಾಗಗಳಿಂದ ಕಟ್ಟಿದ್ದರ ದೊಡ್ಡ ಗುಣ ಅದು, ಬೆಲೆ ಕಡಿಮೆಯಾದದ್ದಕ್ಕಿಂತ ನನಗೆ ಅದೇ ಹೆಚ್ಚು. ಎಲ್ಲ ಜೋಡಿಸಿ ಸರ್ವರ್ ಎದ್ದ ಮೇಲೆ ಫೋಟೊಗಳ ಕಡೆಗೆ ಆಮೇಲೆ ಹೋಗಿ, ಅವು ಫೋನಿನಲ್ಲಿ ಸ್ವಲ್ಪ ಕಾದಾವು. ಮೊದಲು ಕ್ಯಾಸೆಟ್ಟುಗಳನ್ನು ಏರಿಸಿ. ಟೇಪಿನ ಕಾಂತದ ಪುಡಿ ಪ್ರತಿ ಬೇಸಿಗೆಗೂ ಸ್ವಲ್ಪ ಸ್ವಲ್ಪ ಉದುರುತ್ತಿದೆ.